ವರದಮ್ಮ ಬಿಡಿಸಿದ ಹಗ್ಗ

ಹೊಂಡದಕೊಪ್ಪದ ಕೆರೆಗೆ ನೀರುಗಂಟಿ ಯಾರು ಎಂದು ಆ ಕಾಲದಲ್ಲಿ ಯಾರನ್ನೇ ಕೇಳಿದ್ದರೂ ಕರಿಯಣ್ಣ ಎಂದೇ ಹೇಳುತ್ತಿದ್ದರು. ಹೇಳುವಾಗ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಇಡೀ ಊರು ಸೇರಿ ಒಂದೇ ಸುಳ್ಳು ಹೇಳತೊಡಗಿದರೆ ಅದೆಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದರೆ, ಕೊನೆಗೆ ಅದು ಸುಳ್ಳೆಂಬುದು ಹೇಳುವವರಿಗೇ ಮರೆತುಹೋಗಿರುತ್ತದೆ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ನೀರುಗಂಟಿಯ ಕೆಲಸ. ಆ ಕೆಲಸಕ್ಕೆ ಕೆರೆಗೆ ಇಳಿಯುತ್ತಿದ್ದವಳು ಕರಿಯಣ್ಣನ ಅತ್ತಿಗೆ ವರದಮ್ಮ.

ಊರು ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ದಾರಿ ಬಿಟ್ಟು ಎರಡು ಮೈಲಿ ಒಳಗೆ. ತೂಬನ್ನು ಮೇಲೆ ನಿಂತೇ ಎತ್ತಲು ಹಿಂದೆ ಒಂದು ಉದ್ದನೆಯ ಮರದ ಕಂಬವಿತ್ತಂತೆ. ಅದು ವರದಮ್ಮನ ಮಾವನ ಕಾಲಕ್ಕೇ ಕೊಳೆತು ಮುರಿದಿತ್ತು. ಹೊಸದು ಹಾಕಿಸೋಣ, ಹಾಕಿಸೋಣ ಎಂದು ಊರಿನ ದೊಡ್ಡವರು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದರು. ಮುಳುಗುವವರು ಅವರಲ್ಲವಲ್ಲ! ನೀರು ಬೇಕೆಂದರೆ ನೀರುಗಂಟಿ ಎರಡಾಳು ಆಳಕ್ಕೆ ಹೋಗಿ, ತೂಬಿನ ಬಾಯಿಗೆ ಜಡಿದ ಗೂಟವನ್ನು ಕೈಯಲ್ಲೇ ಅಲುಗಿಸಿ ಕೀಳಬೇಕು. ಕಿತ್ತ ಗಳಿಗೆಗೆ ನೀರು ಕೈಯನ್ನೂ ಒಳಗೆ ಸೆಳೆಯುತ್ತದೆ, ಥಟ್ಟನೆ ಪಕ್ಕಕ್ಕೆ ಸರಿಯಬೇಕು. ನೀರು ಸಾಕಾದರೆ ಮತ್ತೆ ಮುಳುಗಿ ಜಡಿಯಬೇಕು.

ವರದಮ್ಮನ ಗಂಡ ಗುತ್ಯಪ್ಪ ಈ ಕೆಲಸದಲ್ಲಿ ಎತ್ತಿದ ಕೈ. ವರದಾ ಹೊಳೆಯ ದಂಡೆಯಲ್ಲಿ ಹುಟ್ಟಿ, ಎಮ್ಮೆಗಳ ಜೊತೆ ಈಜು ಕಲಿತಿದ್ದ ಹೆಂಡತಿಗೆ ತೂಬಿನ ಮರ್ಮವನ್ನೆಲ್ಲ ಅವನೇ ಹೇಳಿಕೊಟ್ಟಿದ್ದ. ಈ ಕತೆ ನಡೆಯುವುದಕ್ಕೆ ಆರು ವರ್ಷ ಮೊದಲು ಅವನು ಚಳಿಜ್ವರದಲ್ಲಿ ಹೋಗಿಬಿಟ್ಟ. ಕೆಲಸ ಸಂಪ್ರದಾಯದಂತೆ ತಮ್ಮ ಕರಿಯಣ್ಣನಿಗೆ ಬಂತು. ಕರಿಯಣ್ಣ ಕುರಿ ಕಾಯುವುದರಲ್ಲಿ ಗಟ್ಟಿಗ. ನೀರೆಂದರೆ ಮಾತ್ರ ಅವನಿಗೆ ಎದೆಮಟ್ಟಕ್ಕೇ ಕಿವಿ ಗುಂಯ್ ಎನ್ನುತ್ತಿತ್ತು. ಅಣ್ಣನ ತಿಥಿ ಮುಗಿದ ಮಾರನೆಯ ಬೆಳಗ್ಗೆ ಮುಳುಗಲು ಹೋದವನು ಮೂಗಲ್ಲಿ ರಕ್ತ ಸುರಿಸಿಕೊಂಡು ವಾಪಸು ಬಂದ. ಅವತ್ತು ವರದಮ್ಮ ಸೀರೆ ಕಚ್ಚೆ ಕಟ್ಟಿಕೊಂಡು ಇಳಿದಳು.

ಆದರೆ ತೂಬಿನ ಕಲ್ಲನ್ನು ಹೆಂಗಸರು ಮೆಟ್ಟಬಾರದು ಎಂದು ಊರಿನ ಕಟ್ಟಳೆ. ಹಾಗಾಗಿ ಒಂದು ಏರ್ಪಾಡಾಯಿತು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ, ತಾನಾಗಿಯೇ ಆದದ್ದು. ಬೆಳಕು ಹರಿಯುವ ಮೊದಲೇ ವರದಮ್ಮ ಜೊಂಡಿನ ಮರೆಯಿಂದ ಇಳಿದು ಗೂಟ ಕಿತ್ತು ತರುವಳು. ಕುತ್ತಿಗೆಮಟ್ಟ ನೀರಿನಲ್ಲಿ ನಿಂತೇ ಅದನ್ನು ಕರಿಯಣ್ಣನ ಕೈಗೆ ಕೊಡುವಳು. ಅವನು ದಡದಲ್ಲೇ ಒಂದು ಮುಳುಗು ಹಾಕಿ, ಗೂಟವನ್ನು ಹೆಗಲಿಗೇರಿಸಿ, ತೊಟ್ಟಿಕ್ಕುತ್ತಾ ಕೆರೆಯ ಏರಿಯ ಮೇಲೆ ನಡೆದು ಊರೊಳಗೆ ಹೋಗುವನು. ಜನ ನೋಡಿ, ‘ನೀರು ಬಿಟ್ಟಾಯ್ತು’ ಎನ್ನುವರು. ಏರಿ ಖಾಲಿಯಾಗುವ ತನಕ ವರದಮ್ಮ ಜೊಂಡಿನಲ್ಲೇ ನಡುಗುತ್ತಾ ಕೂತಿದ್ದು, ಆಮೇಲೆ ಮನೆಗೆ ಹೋಗಿ ರೊಟ್ಟಿ ತಟ್ಟುವಳು.

ಕರಿಯಣ್ಣ ಕೆಟ್ಟವನೆಂದು ನಾನು ಹೇಳುವುದಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ನೀರುಗಂಟಿಯ ಪಾಲಿನ ಹೊರೆ ತಂದರೆ, ಅರ್ಧವನ್ನು ಅತ್ತಿಗೆಯ ಅಂಗಳದಲ್ಲಿ ಇಳಿಸಿಯೇ ಮನೆಗೆ ಹೋಗುತ್ತಿದ್ದ. ಕೆರೆ ತುಂಬಿದಾಗ ಪೂಜೆ ಮಾಡಿ ನೀರುಗಂಟಿಗೆ ಕೊಡುವ ಮೊದಲ ವೀಳ್ಯವನ್ನು ತಲೆ ತಗ್ಗಿಸಿಕೊಂಡೇ ತೆಗೆದುಕೊಳ್ಳುತ್ತಿದ್ದ. ತೆಗೆದುಕೊಳ್ಳುತ್ತಿದ್ದನಲ್ಲ, ಅಷ್ಟೇ ನನ್ನ ಸಿಟ್ಟು. ಹೆಂಗಸರ ಗುಂಪಿನ ಹಿಂದೆ ನಿಂತ ವರದಮ್ಮನಿಗೆ ಅದು ಕಾಣುತ್ತಿತ್ತು. ಕಿವಿ ಸೋರುವ, ಅಂಗೈ ಒಡೆದ, ಮಳೆಗಾಲವಿಡೀ ಕೆಮ್ಮುವ ಹೆಂಗಸು ಅವಳು.

ಐವತ್ತೆಂಟನೆಯ ಇಸವಿಯ ಕಾರ್ತಿಕದಲ್ಲಿ ಒಂದು ಸುದ್ದಿ ಬಂತು. ಕೆರೆಗಳನ್ನು ನೋಡಿಕೊಳ್ಳುವ ಸರ್ಕಾರದ ಸಾಹೇಬರೊಬ್ಬರು ಊರೂರಿಗೆ ಬರುತ್ತಾರೆ, ನೀರುಗಂಟಿಯ ಹೆಸರನ್ನು ಕಾಯಂ ಆಗಿ ಬರೆದುಕೊಳ್ಳುತ್ತಾರೆ, ಒಂದು ಸಲ ಬರೆದರೆ ಮುಗಿಯಿತು, ಜೀವ ಇರೋ ತನಕ ಅವರದೇ. ಸುದ್ದಿ ಬಂದ ದಿನವೇ ಕರಿಯಣ್ಣನ ಹೆಂಡತಿ ನಿಂಗಮ್ಮ, ಬಾವಿಕಟ್ಟೆಯಲ್ಲಿ ವರದಮ್ಮನ ಕಿವಿಗೆ ಬೀಳುವಂತೆಯೇ ಅಂದಳು: “ಹೆಸ್ರು ನಮ್ದು ಆದ್ಮೇಲೆ ಇನ್ನು ಪಾಲು ಗೀಲು ಎಂತಕ್ಕೆ? ಕೊಟ್ರೆ ನಮ್ ದೊಡ್ಡ ಮನ್ಸು, ಅಷ್ಟೆಯ.”

ವರದಮ್ಮ ಕೊಡ ಹೊತ್ತು ಮನೆಗೆ ಬಂದಳು. ಆದರೆ ಮಾತು ಒಳಗೆ ನಾಟಿತು. ಇಷ್ಟು ದಿನ ಅವಳು ಮುಳುಗುತ್ತಿದ್ದದ್ದು ತನ್ನ ಗಂಡನ ಕೆಲಸಕ್ಕೆ. ಕರಿಯಣ್ಣನ ಹೆಸರು ಕಾಯಂ ಆದ ಮೇಲೆ ಮುಳುಗಿದರೆ ಅದು ನಿಂಗಮ್ಮನ ಭಿಕ್ಷೆಗೆ. ತನ್ನ ಹೆಸರು ಬರೆಸಬೇಕು, ಏನಾದರಾಗಲಿ ಬರೆಸಲೇಬೇಕು ಎಂದು ಅವಳು ಹಲ್ಲು ಕಚ್ಚಿದಳು.

ಅದೇ ವಾರ ಪಟೇಲ್ ವೀರಬಸಪ್ಪನವರು ಎಣ್ಣೆ ಇಂಜಿನ್ನು ತರಿಸಿದರು. ಅವರ ಮೇಲಿನ ಗದ್ದೆಗಳಿಗೆ ತೂಬಿನ ನೀರು ಏರುತ್ತಿರಲಿಲ್ಲ, ಭತ್ತ ತೆನೆ ಬಿಟ್ಟು ಹಾಲು ತುಂಬುವ ಹೊತ್ತು ಬೇರೆ. ಎರಡು ದೋಣಿ ಜೋಡಿಸಿ, ಹಲಗೆ ಬಡಿದು, ಮೇಲೆ ಇಂಜಿನ್ನು, ಪಂಪು ಕೂರಿಸಿ, ದಪ್ಪನೆಯ ಹೀರುಕೊಳವೆಯನ್ನು ನೀರಿಗೆ ಇಳಿಬಿಟ್ಟರು. ದೋಣಿಯನ್ನು ಬೇಕಾದ ಕಡೆಗೆ ಎಳೆಯಲು ಮುಂದೆ ಒಂದು ಪುಂಡಿನಾರಿನ ಉದ್ದ ಹಗ್ಗ. ಇದನ್ನೆಲ್ಲ ನಡೆಸಲು ಶಿಕಾರಿಪುರದಿಂದ ಮೇಸ್ತ್ರಿ ಮಲ್ಲೇಶಪ್ಪ ಬಂದಿದ್ದ. ಸಾಹೇಬರು ಬರುವ ದಿನವೇ ಅವರಿಗೆ ಇಂಜಿನ್ನು ಓಡಿಸಿ ತೋರಿಸಬೇಕೆಂದು ಪಟೇಲರಿಗೆ ಭಾರಿ ಉಮೇದು.

ಕೊಳವೆಯ ಬಾಯಿಗೆ ಒಂದು ಜರಡಿ ಇತ್ತು. ಅದಕ್ಕೆ ಪಾಚಿ ಕಟ್ಟಿಕೊಂಡು ಗಳಿಗೆಗೊಮ್ಮೆ ನಿಲ್ಲಿಸಬೇಕಾಗುತ್ತದೆ ಎಂದು ಮೇಸ್ತ್ರಿ ಹಿಂದಿನ ಸಂಜೆ ಅದನ್ನು ಬಿಚ್ಚಿಟ್ಟಿದ್ದ. ಬೆಳಗ್ಗೆ ಹತ್ತು ಗಂಟೆಗೆ ಇಂಜಿನ್ನು ಶುರುವಾಯಿತು. ಏರಿಯ ಮೇಲೆ ಹಗ್ಗ ಹಿಡಿದಿದ್ದವರು ದೋಣಿ ಎಳೆಯುವುದನ್ನು ಬಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತರು. ಹಗ್ಗ ಸಡಿಲವಾಗಿ ಮುಳುಗಿತು. ಮುಳುಗಿದ್ದು ನೇರ ಕೊಳವೆಯ ಬಾಯೊಳಗೆ ಹೋಯಿತು. ಇಂಜಿನ್ನಿನಿಂದ ಪಂಪಿನ ಚಕ್ರ ತಿರುಗಿಸುವ ಪಟ್ಟಿ ಕಿರ್ರೆಂದು ಕಿರುಚಿ, ಇಂಜಿನ್ನು ಎರಡು ಸಲ ಕೆಮ್ಮಿ ನಿಂತೇಹೋಯಿತು.

ಎತ್ತು ಕಟ್ಟಿ ಎಳೆಸಿದರು. ದೋಣಿ ತೂಬಿನ ಪಕ್ಕದ ಜೊಂಡಿನ ತನಕ ಬಂತೇ ಹೊರತು ಹಗ್ಗ ಬರಲಿಲ್ಲ. ಬೇಡಿಕೊಂಡರು, ಬೈದರು. ಕೊನೆಗೆ ಪಟೇಲರು, “ಯಾಕ್ರೋ ಒದ್ದಾಡ್ತೀರಿ, ನೀರುಗಂಟಿ ಇಲ್ವಾ? ಕರಿಯಣ್ಣನ್ನ ಕರೀರಿ” ಅಂದರು.

ಕರಿಯಣ್ಣ ಬಂದ. ನೀರು ನೋಡಿದ. ಹೆಂಗಸರ ಗುಂಪಿನ ಕಡೆ ನೋಡಿದ. ಎಲ್ಲರಿಗೂ ಗೊತ್ತಿತ್ತು ಅವನು ಯಾರನ್ನು ಹುಡುಕುತ್ತಿದ್ದಾನೆಂದು. ಪಟೇಲರು ತುಟಿ ಕಚ್ಚಿಕೊಂಡು ಆಕಾಶ ನೋಡಿದರು. ಬೆಳಕಿನಲ್ಲಿ ಹೀಗೊಂದು ಫಜೀತಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ವರದಮ್ಮ ಗುಂಪು ಬಿಟ್ಟು ಮುಂದೆ ಬಂದಳು. “ಎತ್ತು ಬಿಚ್ರೋ ಮೊದ್ಲು. ಎಳ್ದ್ರೆ ಬಿಗೀತದೆ, ಬಿಚ್ಕಳ್ತದಾ?” ಎಂದು ಎಳೆಯುವವರಿಗೆ ಗದರಿ, ಪಟೇಲರ ಎದುರು ನಿಂತಳು. “ಪಟೇಲ್ರೇ, ನಾನು ಬಿಡಿಸ್ತೀನಿ. ಆದ್ರೆ ಸಾಹೇಬ್ರು ಬಂದು ನೀರುಗಂಟಿ ಯಾರು ಅಂತ ಕೇಳ್ದಾಗ ನನ್ ಹೆಸ್ರು ಹೇಳ್ಬೇಕು.”

“ಹೆಂಗಸ್ರ ಹೆಸ್ರು ನೀರುಗಂಟಿ ಅಂತ ಬರ್ಯೋದು ಎಲ್ಲಾದ್ರೂ ಉಂಟೇನೆ?”

“ಹೆಂಗಸ್ರು ಮುಳುಗೋದು ಉಂಟಲ್ಲ, ಆರು ವರ್ಷದಿಂದ.”

ಆ ಮಾತು ಆರು ವರ್ಷದಲ್ಲಿ ಮೊದಲ ಸಲ ಹಗಲಿನಲ್ಲಿ ಯಾರದೋ ಬಾಯಿಂದ ಬಂದಿತ್ತು. ಪಟೇಲರು ಕೈಗಡಿಯಾರ ನೋಡಿಕೊಂಡರು. “ಆಯ್ತು ಮಾರಾಯ್ತಿ, ಹೇಳ್ತೀನಿ. ಸಾಹೇಬ್ರು ಬರೋದ್ರೊಳಗೆ ಇಂಜಿನ್ನು ಓಡ್ಬೇಕು, ಅಷ್ಟೆ” ಅಂದರು. ವರದಮ್ಮ ಅವರ ಬಾಯನ್ನೇ ನೋಡುತ್ತಿದ್ದಳು. ಪಟೇಲರು ಮಾತು ಕೊಟ್ಟರೆ ತಪ್ಪುವವರಲ್ಲ ಎಂದು ಅವಳು ನಂಬಿದ್ದಳು, ಊರಿನವರೆಲ್ಲ ನಂಬಿದ್ದರು.

ಮೇಸ್ತ್ರಿ ದೋಣಿಯಿಂದ ಬಗ್ಗಿ ಹೇಳಿದ: “ಅಮ್ಮಾರ, ಹಗ್ಗ ಒಳಗ ಚಕ್ರಕ್ಕ ಸುತ್ತಿಕೊಂಡೈತ್ರಿ. ನಾ ಮ್ಯಾಲಿಂದ ಚಕ್ರಾನ ಹಿಂದಕ್ಕ ತಿರುಗಿಸ್ತೀನಿ. ಎಷ್ಟು ಬಿಡತೈತೋ ಅಷ್ಟ ಎಳೀರಿ, ಜಾಸ್ತಿ ಎಳೀಬ್ಯಾಡ್ರಿ.”

“ಮೊದ್ಲು ಇಂಜಿನ್ನಿನ ಪಟ್ಟಿ ತೆಗೀರಿ. ಅದು ತೆಗ್ದಿದ್ದು ನಾನು ನೋಡ್ಬೇಕು, ಆಮೇಲೆ ಮುಳುಗ್ತೀನಿ” ಅಂದಳು ವರದಮ್ಮ. “ಅಂದಂಗೆ, ಕೊಳವೆ ಬಾಯಿಗೆ ಜರಡಿ ಇತ್ತಲ್ಲ, ಅದನ್ನ ತೆಗ್ದಿದ್ದು ಯಾರು?”

ಮೇಸ್ತ್ರಿ ಬಗ್ಗಿ ಪಟ್ಟಿ ತೆಗೆಯುವುದರಲ್ಲಿ ಮಗ್ನನಾದ. ಕೊಳವೆಗೆ ಕಲ್ಲಿನಿಂದ ಒಂದು ಸಲ ಕುಟ್ಟಿದರೆ ತಿರುಗಿಸು, ಎರಡು ಸಲ ಕುಟ್ಟಿದರೆ ನಿಲ್ಲಿಸು ಎಂದು ಇಬ್ಬರೂ ಗೊತ್ತುಮಾಡಿಕೊಂಡರು. ವರದಮ್ಮ ಕಚ್ಚೆ ಬಿಗಿದು ನೀರಿಗಿಳಿದಳು. ದೋಣಿ ಅಲುಗದಂತೆ ಅದರ ಅಂಚು ಹಿಡಿದುಕೊಳ್ಳಲು ಕರಿಯಣ್ಣನೂ ಜೊಂಡಿನ ಪಕ್ಕ ಎದೆಮಟ್ಟಕ್ಕೆ ಇಳಿದು ನಿಂತ.

ಮೊದಲ ಮುಳುಗಿನಲ್ಲಿ ಅವಳು ಕೈಯಾಡಿಸಿ ನೋಡಿದ್ದಷ್ಟೆ. ಕೊಳವೆಯ ಬಾಯಿ ಪಾಚಿಯಿಂದ ಜಾರುತ್ತಿತ್ತು. ಹಗ್ಗ ಎರಡು ಎಳೆಯಾಗಿ ಮಡಿಸಿಕೊಂಡು ಒಳಗೆ ಹೋಗಿತ್ತು, ಸುತ್ತ ಜೊಂಡಿನ ಬೇರು ಒತ್ತಾಗಿ ತುರುಕಿಕೊಂಡಿತ್ತು. ಎರಡನೆಯ, ಮೂರನೆಯ ಮುಳುಗು ಆ ಬೇರು ಕೀಳುವುದಕ್ಕೇ ಹೋಯಿತು. ನಾಲ್ಕನೆಯದರಲ್ಲಿ ಕಲ್ಲಿನಿಂದ ಕುಟ್ಟಿದಳು. ಮೇಲೆ ಚಕ್ರ ಹಿಂದಕ್ಕೆ ಕಾಲು ಸುತ್ತು ಹೋಯಿತು, ಹಗ್ಗ ನಾಲ್ಕು ಬೆರಳು ಸಡಿಲವಾಯಿತು. ಎಳೆದಳು. ಉಸಿರು ಮುಗಿಯಿತು. ಮೇಲೆ ಬಂದು, ಕೆಮ್ಮಿ, ಮತ್ತೆ ಹೋದಳು.

ಹೀಗೇ ಐದು, ಆರು, ಏಳು. ಪುಂಡಿನಾರು ಒದ್ದೆಯಾದರೆ ಉಬ್ಬುತ್ತದೆ, ಒಂದೊಂದು ಬೆರಳಗಲವೂ ಕಿರಿಕಿರಿ. ಒಂದು ಕಡೆ ಎಳೆಗಳು ಕಿತ್ತುಬಂದು ಗಂಟಾಗಿ ಸಿಕ್ಕಿಕೊಂಡಿದ್ದವು. ಎರಡು ಸಲ ಕುಟ್ಟಿ ಚಕ್ರ ನಿಲ್ಲಿಸಿ, ತೋಳನ್ನು ಮೊಣಕೈ ತನಕ ಕೊಳವೆಯೊಳಗೆ ತೂರಿಸಿ, ಉಗುರಿನಲ್ಲಿ ಒಂದೊಂದೇ ಎಳೆ ಬಿಡಿಸಿದಳು. ಎರಡು ಉಗುರು ಅಲ್ಲೇ ಹೋದವು. ಸೋರುವ ಕಿವಿಯಲ್ಲಿ ಯಾರೋ ಸೂಜಿ ಆಡಿಸಿದಂತಾಗುತ್ತಿತ್ತು. ಮೇಲೆ ಬಂದಾಗಲೆಲ್ಲ ಏರಿಯ ಮೇಲೆ ಸಾಲಾಗಿ ನಿಂತ ಮುಖಗಳು ಕಾಣುತ್ತಿದ್ದವು. ನೋಡಲಿ, ಇವತ್ತು ಎಲ್ಲರೂ ನೋಡಲಿ ಎಂದುಕೊಂಡು ಮತ್ತೆ ಮುಳುಗುತ್ತಿದ್ದಳು. ‘ನೀರುಗಂಟಿ ವರದಮ್ಮ, ಗುತ್ಯಪ್ಪನ ಹೆಂಡತಿ’ ಎಂದು ಸಾಹೇಬರು ಬರೆಯುವುದನ್ನು ಅವಳು ನೀರೊಳಗೆ ಎಷ್ಟು ಸಲ ನೆನೆದಳೋ!

ಹನ್ನೊಂದನೆಯ ಮುಳುಗಿಗೆ ಹಗ್ಗದ ಕೊನೆಯ ಮಡಿಕೆ ಕೈಗೆ ಬಂತು. ಒಳಗೆ ಎಲ್ಲೂ ತಡೆಯಿಲ್ಲದೆ ಜರ್ರನೆ ಜಾರಿ ಬಂತು. ಅವಳು ಕೆಳಗಿದ್ದ ಆ ಹೊತ್ತಿಗೇ ಏರಿಯ ಆಚೆ ಸಾಹೇಬರ ಜೀಪು ಬಂದು ನಿಂತಿತ್ತು. ಗಂಡಸರೆಲ್ಲ ಅತ್ತ ಓಡಿದ್ದರು. ನೀರೊಳಗಿದ್ದವಳಿಗೆ ಅದು ಹೇಗೆ ಗೊತ್ತಾಗಬೇಕು?

ಎದೆ ಒಡೆಯುವಂತಾಗಿ ಅವಳು ಮೇಲೆ ಬಂದದ್ದು ಜೊಂಡಿನ ಕಡೆಗೆ. ಕಣ್ಣಿಗೆ ಕತ್ತಲೆ. ಎದುರಿಗೆ ಒಂದು ಕೈ ಚಾಚಿಕೊಂಡಿತ್ತು, ಕರಿಯಣ್ಣನ ಕೈ, ದಿನಾ ಬೆಳಗ್ಗೆ ಚಾಚುವಂತೆ. ವರದಮ್ಮ ಹಗ್ಗವನ್ನು ಆ ಕೈಗೆ ಕೊಟ್ಟುಬಿಟ್ಟಳು. ಕೊಟ್ಟು, ಜೊಂಡಿನೊಳಗೆ ಸರಿದು, ಕುತ್ತಿಗೆಮಟ್ಟಕ್ಕೆ ಮುಳುಗಿ ಕೂತಳು.

ಅಯ್ಯೋ ಅವಳ ಕೈಯೇ! ಅವಳು ಯೋಚಿಸಿ ಕೊಟ್ಟದ್ದಲ್ಲ. ಆರು ವರ್ಷ ಕೊಟ್ಟು ಕೊಟ್ಟು ರೂಢಿಯಾದ ಕೈ ಅವಳನ್ನು ಕೇಳಲೇ ಇಲ್ಲ. ಕರಿಯಣ್ಣನೂ ಯೋಚಿಸಲಿಲ್ಲವೆಂದು ಬೇಕಾದರೆ ನಂಬೋಣ. ಅವನೂ ರೂಢಿಯಂತೆ ಒಂದು ಮುಳುಗು ಹಾಕಿದ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡ, ತೊಟ್ಟಿಕ್ಕುತ್ತಾ ಏರಿ ಹತ್ತಿದ.

ಮೇಸ್ತ್ರಿ ಪಟ್ಟಿ ಏರಿಸಿದ. ಇಂಜಿನ್ನು ಡಗ್ ಡಗ್ ಎಂದು ಎದ್ದಿತು. ಮೇಲಿನ ಕಾಲುವೆಗೆ ನೀರು ಧುಮ್ಮಿಕ್ಕಿ, ಜನ ಹೋ ಎಂದರು. ಆ ಸದ್ದಿಗೆ ವರದಮ್ಮನಿಗೆ ಎಚ್ಚರವಾಯಿತು. ಜೊಂಡಿನ ಸಂದಿಯಿಂದ ನೋಡಿದರೆ, ಸಾಹೇಬರು ಕರಿಯಣ್ಣನ ಒದ್ದೆ ಹೆಗಲ ಮೇಲೆ ಕೈಯಿಟ್ಟಿದ್ದಾರೆ.

“ಭೇಷ್! ಯಾರಿವನು?” ಎಂದು ಸಾಹೇಬರು ಕೇಳಿದರು.

ಪಟೇಲರು ಕರಿಯಣ್ಣನ ಹೆಗಲ ಮೇಲಿನ ಹಗ್ಗ ನೋಡಿದರು. ಒಂದು ಸಲ ಜೊಂಡಿನ ಕಡೆಗೂ ನೋಡಿದರು. ಎಲ್ಲ ಎಷ್ಟು ಸುಸೂತ್ರವಾಗಿ ಕೂತುಬಿಟ್ಟಿತ್ತು! “ನಮ್ಮೂರ ನೀರುಗಂಟಿ ಸ್ವಾಮಿ. ಕರಿಯಣ್ಣ ಅಂತ” ಅಂದರು. ಕರಿಯಣ್ಣ ತಲೆ ತಗ್ಗಿಸಿ ಕೈ ಮುಗಿದ. ಎಲ್ಲ ಕಂಡಿದ್ದ ಮೇಸ್ತ್ರಿ ದೋಣಿಯಲ್ಲಿ ಎಣ್ಣೆಬಟ್ಟೆಯಿಂದ ಇಂಜಿನ್ನು ಒರೆಸತೊಡಗಿದ. ಹಗ್ಗದ ಮಾತು ಬಂದರೆ ಜರಡಿಯ ಮಾತೂ ಬರುತ್ತಿತ್ತು.

ವರದಮ್ಮ ನೀರಿನಿಂದ ಎದ್ದು ಬಂದಳು. ತೆಳ್ಳನೆಯ ಹಳೆಯ ಸೀರೆ ಮೈಗೆ ಅಂಟಿತ್ತು, ಉಗುರಿಲ್ಲದ ಬೆರಳಿನಿಂದ ರಕ್ತ ಇಳಿಯುತ್ತಿತ್ತು. “ಸ್ವಾಮೀ! ಅದನ್ನ ಬಿಡಿಸಿದ್ದು ನಾನು! ನೀರುಗಂಟಿ ನಾನು!” ಎಂದು ಕೂಗಿದಳು.

ಪಟೇಲರು ಮರ್ಯಾದಸ್ಥರು. “ಹೆಂಗಸು ಒದ್ದೆ ಮೈಯಲ್ಲಿ ಬಂದಿದಾಳೆ, ಏನ್ ನೋಡ್ತೀರೋ? ತಿರುಗ್ರೋ ಆ ಕಡೆ” ಎಂದು ಗದರಿ ತಾವೇ ಮೊದಲು ತಿರುಗಿದರು. ಒಬ್ಬೊಬ್ಬರಾಗಿ ಗಂಡಸರೆಲ್ಲ ತಿರುಗಿದರು. ಸಾಹೇಬರೂ ಗಡಿಬಿಡಿಯಿಂದ ತಿರುಗಿ, ಟೋಪಿ ಸರಿಮಾಡಿಕೊಂಡು ಗದ್ದೆಗಳ ಕಡೆ ನೋಡುತ್ತಾ ನಿಂತರು. ವರದಮ್ಮನ ಎದುರು ಬರೀ ಬೆನ್ನುಗಳು.

ಅವಳು ಬೆನ್ನುಗಳಿಗೇ ಹೇಳಿದಳು. “ಆರು ವರ್ಷ ನಾನು ಮುಳುಗಿದೀನಿ. ನಿಮ್ಮೆಲ್ರ ಗದ್ದೆಗೂ ನಾನೇ ನೀರು ಬಿಟ್ಟಿದ್ದು. ಪಟೇಲ್ರೇ, ಈಗಷ್ಟೇ ಮಾತು ಕೊಟ್ರಿ, ಹೇಳ್ರೀ! ಕರಿಯಣ್ಣ, ನೀನಾದ್ರೂ ಹೇಳೋ. ನಿಮ್ಮಣ್ಣನ ಆಣೆ, ಹೇಳೋ!” ಕರಿಯಣ್ಣ ಹೆಗಲ ಮೇಲಿನ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. ಅವನು ತಿರುಗಲಿಲ್ಲ.

“ಏನಂತೆ ಆಕೆಗೆ?” ಎಂದು ಸಾಹೇಬರು ಮೆಲ್ಲಗೆ ಕೇಳಿದರು.

“ಗಂಡ ಸತ್ತ ಮೇಲೆ ಸ್ವಲ್ಪ ಹೀಗೇ ಸ್ವಾಮಿ” ಎಂದು ಪಟೇಲರು ಇನ್ನೂ ಮೆಲ್ಲಗೆ ಅಂದರು.

“ಛೆ, ಪಾಪ” ಎಂದ ಸಾಹೇಬರು ಪುಸ್ತಕ ತೆರೆದು ಹೆಸರು ಬರೆದುಕೊಂಡರು. ಕರಿಯಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಂಗಸರು ಯಾರೂ ಮುಖ ತಿರುಗಿಸಿರಲಿಲ್ಲ. ಅವರು ಹನ್ನೊಂದು ಮುಳುಗನ್ನೂ ಎಣಿಸಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಕೆರೆಯ ಕೆಳಗೆ ಕೊನೆಯ ಗದ್ದೆ ಮಾಡುತ್ತಿದ್ದ ದ್ಯಾಮಮ್ಮ ತನ್ನ ಕಂಬಳಿ ತಂದು ವರದಮ್ಮನಿಗೆ ಹೊದಿಸಿ, “ನಡಿಯಕ್ಕ, ಬಾ ಮನಿಗೆ” ಎಂದು ಕರೆದುಕೊಂಡು ಹೋದಳು.

ಮೂರು ದಿನ ವರದಮ್ಮ ಕೆರೆಯ ಕಡೆ ಹೋಗಲಿಲ್ಲ. ಮೊದಲ ಬೆಳಗ್ಗೆ ಕರಿಯಣ್ಣ ಬಂದು ಬಾಗಿಲ ಹೊರಗೆ ನಿಂತು, “ಅತ್ಗೆ…” ಎಂದ. “ಸರ್ಕಾರದ ನೀರುಗಂಟಿ ನೀನು. ಹೋಗಿ ಮುಳುಗು” ಎಂದು ಅವಳು ಒಲೆಯ ಮುಂದಿಂದಲೇ ಹೇಳಿದಳು. ಅವನು ಹೊಸಿಲ ಮೇಲೆ ಕೂತು ಅತ್ತ. ಅವಳು ಏಳಲಿಲ್ಲ. ತೂಬಿನ ಗೂಟ ಜಡಿದಂತೆಯೇ ಇತ್ತು. ಪಟೇಲರ ಮೇಲಿನ ಗದ್ದೆಗೆ ಮಾತ್ರ ಇಂಜಿನ್ನಿನ ನೀರು ಹರಿಯುತ್ತಿತ್ತು.

ನಾಲ್ಕನೆಯ ದಿನ ದ್ಯಾಮಮ್ಮ ಬಂದಳು. ಒಂದು ಭತ್ತದ ತೆನೆಯನ್ನು ಸೆರಗಿನಿಂದ ತೆಗೆದು ತೋರಿಸಿದಳು. ಒತ್ತಿದರೆ ಹಾಲು ಬರಬೇಕಾದ ಕಾಳು ಜೊಳ್ಳಾಗಿತ್ತು. ನ್ಯಾಯ ಕೇಳುತ್ತಾ ಕೂತರೆ ಸಾಯುವುದು ಪಟೇಲರ ಪೈರಲ್ಲ, ತನಗೆ ಕಂಬಳಿ ಹೊದಿಸಿದವಳ ಪೈರು. ಹೋಗದೆ ಏನು ಮಾಡುತ್ತಾಳೆ? ಮಾರನೆಯ ಬೆಳಗ್ಗೆ ಮತ್ತೆ ಇಳಿದಳು. ಆ ಸುಗ್ಗಿಯಲ್ಲಿ ನಿಂಗಮ್ಮ ಅರ್ಧ ಹೊರೆಯನ್ನು ಕಾಲು ಮಾಡಿದಳು. ವರದಮ್ಮ ಆ ಕಾಲು ಹೊರೆಗೇ ಮುಳುಗುತ್ತಾ ಹೋದಳು.

ಮರುವರ್ಷದ ಕಾರ್ತಿಕದಲ್ಲಿ ಕರಿಯಣ್ಣನಿಗೆ ಕುರಿಹಟ್ಟಿಯಲ್ಲಿ ಹಾವು ಕಚ್ಚಿತು. ಸಂಜೆ ಕಚ್ಚಿದ್ದು, ಬೆಳಗಾಗುವುದರೊಳಗೆ ಎಲ್ಲ ಮುಗಿದುಹೋಯಿತು. ಹೆಣ ಅಂಗಳದಲ್ಲಿ ಮಲಗಿತ್ತು. ವರದಮ್ಮ ಸ್ವಲ್ಪ ಹೊತ್ತು ಮೈದುನನ ಕಾಲ ಹತ್ತಿರ ಕೂತಿದ್ದಳು. ಎಂಥದೇ ಆಗಲಿ, ಮನೆಯ ಮಗ. ಆಮೇಲೆ ಎದ್ದು ಹೋಗಿ, ಅವತ್ತು ಕೆಳಗಿನ ಗದ್ದೆಗಳ ನೀರಿನ ಸರದಿಯಾದ್ದರಿಂದ ಕೆರೆಗಿಳಿದು ತೂಬು ಕಿತ್ತು ಬಂದಳು. ಬಂದು ಹೆಂಗಸರ ನಡುವೆ ಕೂತಳು. ತಲೆಗೂದಲಿನಿಂದ ನೀರು ಇಳಿದು ನೆಲ ಒದ್ದೆಯಾಗುತ್ತಿತ್ತು.

ಊರಿನ ಗಂಡಸರು ಹೊಸ ಬಟ್ಟೆ, ಹೂವು ಹಿಡಿದುಕೊಂಡು ಬಂದರು. ಬರುವ ದಾರಿಯಲ್ಲಿ ಕಾಲುವೆ ತುಂಬಿ ಹರಿಯುವುದನ್ನು ಅವರೆಲ್ಲ ನೋಡಿಕೊಂಡೇ ಬಂದಿದ್ದರು. ಪಟೇಲ್ ವೀರಬಸಪ್ಪನವರು ಹೆಣದ ಮೇಲೆ ಹೂವು ಹಾಕಿ ಕಣ್ಣೊರೆಸಿಕೊಂಡರು.

“ಎಂಥ ಪುಣ್ಯಾತ್ಮ ನೋಡ್ರಯ್ಯ” ಎಂದರು. “ಸತ್ತ ದಿವ್ಸಾನೂ ಊರಿಗೆ ನೀರು ತಪ್ಪಿಸ್ಲಿಲ್ಲ.”